ಛಾಯಾಚಿತ್ರವೂ ಐತಿಹ್ಯವೂ: ಮಂಗಳೂರಿನ ಹಳೆಯ ಕಟ್ಟಡಗಳ ವರ್ಣನೆಯಲ್ಲಿ ಪ್ರಮಾಣವಿಚಾರ

೧

ಮಹಾಕಾವ್ಯದ ಲಕ್ಷಣವನ್ನು ಹೇಳುವ ಆಲಂಕಾರಿಕರು ವರ್ಣ್ಯವಸ್ತುಗಳಲ್ಲಿ ನಗರವನ್ನು ಮೊದಲು ಎಣಿಸಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ದಂಡಿಯು ಕಾವ್ಯಾದರ್ಶದಲ್ಲಿ ನಗರವನ್ನು ಹೇಳಿದ ಬಳಿಕವೇ ಸಮುದ್ರ, ಪರ್ವತ, ಋತು ಮುಂತಾದವುಗಳನ್ನು ಹೇಳಿರುವನು. ಕನ್ನಡದ ಚಂಪೂಕವಿಗಳೂ ಈ ಮಾರ್ಗವನ್ನೇ ಹಿಡಿದು, ಅಷ್ಟಾದಶವರ್ಣನೆಗಳಲ್ಲಿ ಪುರವರ್ಣನೆಗೆ ಹಿರಿದಾದ ಸ್ಥಾನವನ್ನು ಕೊಟ್ಟರು. ಆದರೆ ಆ ಪುರವರ್ಣನೆಗಳನ್ನು ಒಂದರ ಪಕ್ಕದಲ್ಲಿ ಮತ್ತೊಂದನ್ನು ಇಟ್ಟು ನೋಡಿದರೆ, ಬಹುಪಾಲು ಒಂದೇ ಎರಕದಲ್ಲಿ ಹೊಯ್ದಂತೆ ತೋರುವುವು. ಕೋಟೆ, ಅಗಳು, ಉಪ್ಪರಿಗೆ, ಅಂಗಡಿಬೀದಿ, ಉದ್ಯಾನ, ಕೊಳ ಇವು ಎಲ್ಲ ಪುರಗಳಿಗೂ ಸಮಾನ. ಪುರದ ಹೆಸರನ್ನು ಬದಲಿಸಿದರೂ ವರ್ಣನೆಗೆ ಭಂಗವಿಲ್ಲ. ಪಂಪನು ಬನವಾಸಿಯನ್ನು ನೆನೆದಂತೆ, ಒಂದು ನಾಡನ್ನು ಅದೇ ನಾಡಾಗಿ ಕಂಡು ಹೇಳಿದ ಸ್ಥಳಗಳು ವಿರಳ. ಇದು ದೋಷವಲ್ಲ, ಆ ಕವಿಗಳ ಉದ್ದೇಶವು ಆದರ್ಶಪುರವನ್ನು ಕಾಣಿಸುವುದಾಗಿದ್ದಿತೇ ಹೊರತು ಇಂಥ ಬೀದಿಯ ಇಂಥ ಮನೆಯನ್ನು ಕಾಣಿಸುವುದಾಗಿರಲಿಲ್ಲ.

ಹೊಸಗನ್ನಡದಲ್ಲಿ ಈ ಕ್ರಮವು ತಿರುಗಿತು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಂತಹ ಕೃತಿಗಳಿಂದ ಪ್ರವಾಸವೇ ಗದ್ಯಸಾಹಿತ್ಯದ ಒಂದು ಪ್ರಕಾರವಾಯಿತು. ಅನಂತರ ಛಾಯಾಗ್ರಹಣಯಂತ್ರವು ಪ್ರತಿಯೊಬ್ಬ ಪ್ರವಾಸಿಯ ಕೈಗೂ ಬಂದುದರಿಂದ, ಚಿತ್ರವನ್ನು ಮುಂದಿಟ್ಟು ಅದರ ಕೆಳಗೆ ಕಥೆಯನ್ನು ಬರೆಯುವ ಸ್ಥಳವರ್ಣನೆಗಳು ಹೇರಳವಾಗಿ ಹುಟ್ಟಿದುವು. ಪ್ರವಾಸಿಯು ಊರಿಗೆ ಹೋಗುವನು, ಹಳೆಯದೊಂದು ಕಟ್ಟಡವನ್ನು ಕಾಣುವನು, ಚಿತ್ರವನ್ನು ತೆಗೆದುಕೊಳ್ಳುವನು, ಬಳಿಯಲ್ಲಿದ್ದವರನ್ನು ಕೇಳಿ ಅದರ ವೃತ್ತಾಂತವನ್ನು ಬರೆಯುವನು. ಈ ಪ್ರಕಾರವನ್ನು ವಿದ್ವಾಂಸರು ಲಘುವಾದುದೆಂದು ಉಪೇಕ್ಷಿಸುವುದುಂಟು. ಉಪೇಕ್ಷೆಯು ಯುಕ್ತವಲ್ಲ. ಪಾಠಶಾಲೆಗಳ ಮಕ್ಕಳು ತಮ್ಮ ಊರಿನ ಚರಿತ್ರೆಯನ್ನು ಶಾಸನಸಂಪುಟಗಳಿಂದ ಕಲಿಯುವುದಿಲ್ಲ, ಇಂತಹ ಬರೆಹಗಳಿಂದಲೇ ಕಲಿಯುವರು. ಆದುದರಿಂದ ಇದರ ಗುಣದೋಷಗಳನ್ನು ವಿಮರ್ಶಿಸುವುದು ಆವಶ್ಯಕ. ವಿಮರ್ಶೆಯು ನಿರಾಧಾರವಾಗದಂತೆ ಒಂದೇ ನಗರವನ್ನು ಉದಾಹರಣೆಯಾಗಿ ಹಿಡಿಯುವುದು ಲೇಸು. ಇಲ್ಲಿ ಆ ನಗರವು ಮಂಗಳೂರು, ಪ್ರವೇಶದ್ವಾರವು ಪಡೀಲ್.

ಪಡೀಲ್ ನಗರದ ಪೂರ್ವಭಾಗದಲ್ಲಿದೆ. ಹಿಂದೆ ಕಂಕನಾಡಿ ಎಂಬ ಹೆಸರಿದ್ದ ಮಂಗಳೂರು ಜಂಕ್ಷನ್ ರೈಲುನಿಲ್ದಾಣವು ಇಲ್ಲಿಯೇ ಇರುವುದು. ೧೯೦೭ರಲ್ಲಿ ದಕ್ಷಿಣದಿಂದ ಮಂಗಳೂರಿಗೆ ಬಂದ ರೈಲುದಾರಿಗೆ, ೧೯೭೯ರಲ್ಲಿ ಪೂರ್ಣವಾದ ಹಾಸನದ ದಾರಿಯೂ, ೧೯೯೮ರಲ್ಲಿ ತೆರೆದ ಕೊಂಕಣ ರೈಲುದಾರಿಯೂ ಈ ಸುತ್ತಿನಲ್ಲಿಯೇ ಕೂಡುವುವು. ಘಟ್ಟದ ಕಡೆಯಿಂದ ಬರುವ ಹೆದ್ದಾರಿಯೂ ಪಡೀಲನ್ನು ಹಾದೇ ನಗರವನ್ನು ಸೇರುವುದು. ಹೀಗೆ ಹಳೆಯ ಕಟ್ಟಡಗಳನ್ನು ಅರಸಿ ಬರುವ ಅನೇಕರು ಮೊದಲು ಕಾಲಿಡುವ ನೆಲ ಇದು. ಆದರೂ ಅವರು ಇಲ್ಲಿ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ಹೋಗಿ ಕದ್ರಿ, ಬಂದರು, ಬೋಳೂರುಗಳಲ್ಲಿ ತೆಗೆಯುವರು. ಇದರ ಕಾರಣವನ್ನು ಕಡೆಯಲ್ಲಿ ವಿಚಾರಿಸಬಹುದು.

೨

ಪ್ರಕೃತ ವಿಷಯದಲ್ಲಿ ಮೊದಲು ನಿರ್ಣಯಿಸತಕ್ಕದ್ದು ಪ್ರಮಾಣದ ಪ್ರಶ್ನೆ. ಚಿತ್ರಸಹಿತವಾದ ಸ್ಥಳವರ್ಣನೆಯಲ್ಲಿ ಎರಡು ಅಂಗಗಳಿರುವುವು: ಚಿತ್ರವೊಂದು, ಕಥೆಯೊಂದು. ಚಿತ್ರವು ಪ್ರತ್ಯಕ್ಷಕ್ಕೆ ಸಮೀಪವಾದುದು. ಕಥೆಯು ಬಹುಮಟ್ಟಿಗೆ ಐತಿಹ್ಯ. ಪೌರಾಣಿಕರು ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರೆ, ನೈಯಾಯಿಕರು ಅದನ್ನು ಶಬ್ದಪ್ರಮಾಣದಲ್ಲಿಯೇ ಅಡಗಿಸಿದರು. ಮೊದಲು ಹೇಳಿದವನು ಯಾರೆಂಬುದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತೇ ಐತಿಹ್ಯವೆಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ವಿವರಣೆಯ ತಾತ್ಪರ್ಯ. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು. ಹೇಳಿದವನೇ ತಿಳಿಯದಿರುವಾಗ ಆಪ್ತತ್ವವನ್ನು ಪರೀಕ್ಷಿಸುವುದೆಂತು? ಪರೀಕ್ಷೆಗೆ ಬೇರೆ ಸಾಕ್ಷ್ಯಗಳು ಬೇಕಾಗುವುವು.

ಈ ಪ್ರಕಾರದ ಬರೆಹಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವು ಇಲ್ಲಿಯೇ ಹುಟ್ಟುವುದು. ಚಿತ್ರದ ಪ್ರಾಮಾಣ್ಯವನ್ನು ಕಥೆಗೆ ಸಾಲವಾಗಿ ಕೊಡುತ್ತಾರೆ. ಕಟ್ಟಡವು ಕಣ್ಣಿಗೆ ಕಾಣುತ್ತಿರುವುದರಿಂದ, ಅದರ ಕೆಳಗೆ ಬರೆದ ಕಥೆಯೂ ಕಂಡದ್ದೇ ಎಂಬ ಭ್ರಮೆ ವಾಚಕನಲ್ಲಿ ಉಂಟಾಗುತ್ತದೆ. ಚಿತ್ರವು ಸಾಕ್ಷಿ ಹೇಳುವುದು ಇಷ್ಟಕ್ಕೆ ಮಾತ್ರ: ಇಂಥ ದಿನ, ಇಂಥ ದಿಕ್ಕಿನಿಂದ ನೋಡಿದಾಗ, ಈ ಕಟ್ಟಡವು ಈ ಸ್ಥಿತಿಯಲ್ಲಿದ್ದಿತು. ಅದನ್ನು ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು, ಏಕೆ ಕಟ್ಟಿಸಿದರು ಎಂಬುದನ್ನು ಚಿತ್ರವು ಹೇಳಲಾರದು. ದಿನವನ್ನೂ ದಿಕ್ಕನ್ನೂ ಬರೆಯದೆ ಬಿಟ್ಟರೆ, ಅದು ಹೇಳಬಲ್ಲ ಅಷ್ಟನ್ನೂ ಹೇಳದು.

೩

ಮಂಗಳೂರಿನ ಕೆಲವು ಕಟ್ಟಡಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಗ್ರಂಥಸಂಪಾದನೆಯಲ್ಲಿ ಕೃತಿಯ ಕಾಲವೂ ಪ್ರತಿಯ ಕಾಲವೂ ಬೇರೆ ಬೇರೆ ಎಂಬುದು ಮೊದಲ ಪಾಠ. ಒಂಬತ್ತನೆಯ ಶತಮಾನದ ಕೃತಿಯಾದ ‘ಕವಿರಾಜಮಾರ್ಗ’ವು ಎಷ್ಟೋ ಶತಮಾನಗಳ ಈಚಿನ ಓಲೆಗಳಲ್ಲಿ ದೊರೆತರೆ, ಆ ಓಲೆಯನ್ನು ನೃಪತುಂಗನ ಆಸ್ಥಾನದ ಓಲೆಯೆಂದು ಯಾರೂ ಹೇಳರು. ಆದರೆ ಕಟ್ಟಡಗಳ ವಿಷಯದಲ್ಲಿ ಇದೇ ತಪ್ಪು ನಿತ್ಯವೂ ನಡೆಯುತ್ತಿರುವುದು. ರೊಸಾರಿಯೊ ಇಗರ್ಜಿಯು ೧೫೬೮ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಸ್ಥಾಪಿತವಾದುದು. ಈಗ ಗುಮ್ಮಟದೊಡನೆ ಚಿತ್ರದಲ್ಲಿ ಕಾಣುವ ಕಟ್ಟಡವು ೨೦ನೆಯ ಶತಮಾನದ ಆರಂಭದ್ದು. ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆ ೧೬೮೦ರಲ್ಲಿ, ೧೭೮೪ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಹಳೆಯ ಕಟ್ಟಡವು ನಾಶವಾಯಿತು, ಈಗಿನದು ೧೯೧೧ರದು. ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಾಲಯವು ೧೯೧೨ರಲ್ಲಿ ನಾರಾಯಣಗುರುಗಳಿಂದ ಪ್ರತಿಷ್ಠಿತವಾಗಿ, ೧೯೯೧ರಲ್ಲಿ ನವೀಕೃತವಾಯಿತು. ಈ ಮೂರರ ಚಿತ್ರಗಳ ಕೆಳಗೆ ಸ್ಥಾಪನೆಯ ವರ್ಷವನ್ನು ಮಾತ್ರ ಬರೆದರೆ, ಚಿತ್ರದಲ್ಲಿರುವ ಗೋಡೆ, ಗೋಪುರಗಳಿಗೆ ಇಲ್ಲದ ವಯಸ್ಸನ್ನು ಕೊಟ್ಟಂತಾಗುವುದು. ಸಂಸ್ಥೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ಎರಡನ್ನೂ ಹೇಳಿದಾಗ ಮಾತ್ರ, ನಡುವೆ ಏನು ನಡೆಯಿತು ಎಂಬ ನಿಜವಾದ ಕಥೆಗೆ ಎಡೆಯಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದು ಹಂಚಿನ ವಿಷಯದಲ್ಲಿ ಆಗುವುದು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಹಂಚುಗಳ ಮೇಲೆ ಕಾರ್ಖಾನೆಯ ಹೆಸರಿನೊಡನೆ ೧೮೬೫ ಎಂಬ ಅಂಕೆಯನ್ನೂ ಅಚ್ಚೊತ್ತಿರುವುದುಂಟು. ಹಳೆಯ ಮನೆಯ ಮಾಡಿನಿಂದ ಇಳಿಸಿದ ಹಂಚಿನಲ್ಲಿ ಈ ಅಂಕೆಯನ್ನು ಕಂಡ ಪ್ರವಾಸಿಯು, ಮನೆಯೇ ೧೮೬೫ರದೆಂದು ಬರೆದುಬಿಡುವನು. ಆ ಅಂಕೆಯು ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಸುಟ್ಟ ವರ್ಷವೂ ಅಲ್ಲ, ಮನೆ ಕಟ್ಟಿದ ವರ್ಷವೂ ಅಲ್ಲ. ದಶಕಗಳ ಬಳಿಕ ಮಾಡಿದ ಹಂಚಿನಲ್ಲಿಯೂ ಅದೇ ಅಂಕೆ ಇರಬಹುದು. ಹಂಚು ಒಡೆದಾಗ ಬದಲಾಯಿಸುವ ವಸ್ತುವಾದುದರಿಂದ, ಒಂದೇ ಮಾಡಿನಲ್ಲಿ ಹಲವು ಕಾರ್ಖಾನೆಗಳ ಹಂಚುಗಳು ಬೆರೆತಿರುವುದೂ ಸಹಜ. ಅಕ್ಷರವಿದ್ದ ಮಾತ್ರಕ್ಕೆ ಶಾಸನವಾಗುವುದಿಲ್ಲ. ಅಕ್ಷರವು ಯಾವುದನ್ನು ಕುರಿತು ಹೇಳುತ್ತಿದೆ ಎಂಬುದನ್ನು ನಿಶ್ಚಯಿಸಬೇಕು. ಮೀಮಾಂಸಕರು ವಾಕ್ಯದ ಅನ್ವಯವನ್ನು ಕುರಿತು ಪಟ್ಟ ಶ್ರಮವೆಲ್ಲವೂ ಹಂಚಿನ ಮೇಲಿನ ಒಂದು ಅಂಕೆಗೂ ಸಲ್ಲತಕ್ಕದ್ದೇ.

ಮೂರನೆಯದು ಹೆಸರಿನ ಭ್ರಾಂತಿ. ಬೋಳೂರಿನಲ್ಲಿ ಗುರುಪುರ ಹೊಳೆಯ ದಡದಲ್ಲಿ ಕಪ್ಪುಕಲ್ಲಿನ ಒಂದು ಕಾವಲುಬುರುಜು ನಿಂತಿದೆ. ಯುದ್ಧನೌಕೆಗಳು ಹೊಳೆಯನ್ನು ಪ್ರವೇಶಿಸದಂತೆ ತಡೆಯಲು ಟಿಪ್ಪುಸುಲ್ತಾನನು ೧೭೮೪ರಲ್ಲಿ ಇದನ್ನು ಕಟ್ಟಿಸಿದನೆಂದು ಹೇಳುವರು. ಹೆಸರು ಸುಲ್ತಾನ್ ಬತ್ತೇರಿ. ವಯನಾಡಿನಲ್ಲಿ ಇದೇ ಹೆಸರಿನ ಪಟ್ಟಣವೊಂದಿದೆ. ಅದರ ಹಳೆಯ ಹೆಸರು ಗಣಪತಿವಟ್ಟ. ಅಲ್ಲಿಯ ಜೈನಬಸದಿಯನ್ನು ಸುಲ್ತಾನನ ಸೈನ್ಯವು ಮದ್ದುಗುಂಡುಗಳ ಕೋಠಿಯಾಗಿ ಬಳಸಿದುದರಿಂದ ಹೊಸ ಹೆಸರು ಬಂದಿತೆಂಬುದು ಪ್ರಸಿದ್ಧ. ಎರಡು ಸ್ಥಳಗಳಿಗೂ ಹೆಸರು ಒಂದೇ, ಸುಲ್ತಾನನೂ ಒಬ್ಬನೇ. ಆದುದರಿಂದ ಒಂದರ ಚಿತ್ರಕ್ಕೆ ಮತ್ತೊಂದರ ಕಥೆಯು ಅಂಟಿಕೊಳ್ಳುವ ಅಪಾಯವು ಸದಾ ಇರುವುದು. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬನೆಂದು ಎಣಿಸಿ ಕಾಲನಿರ್ಣಯವನ್ನು ಕೆಡಿಸಿದ ಸಂದರ್ಭಗಳು ಸಾಹಿತ್ಯಚರಿತ್ರೆಯಲ್ಲಿಯೂ ಕಡಮೆಯಿಲ್ಲವಷ್ಟೆ.

ನಾಲ್ಕನೆಯ ಉದಾಹರಣೆಯು ಕದ್ರಿಯದು. ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯು ಮೂರು ಮುಖಗಳೂ ಆರು ಕೈಗಳೂ ಉಳ್ಳದ್ದು. ಅದರ ಸೌಂದರ್ಯವು ಯಾವ ಛಾಯಾಗ್ರಾಹಕನನ್ನಾದರೂ ನಿಲ್ಲಿಸುವಂತಹದು. ಆದರೆ ಮೂರ್ತಿಯ ಚರಿತ್ರೆಯನ್ನು ಹೇಳುವುದು ಅದರ ಮುಖವಲ್ಲ, ಪೀಠ. ಆಳುಪವಂಶದ ಕುಂದವರ್ಮನು ಕದಿರಿಕಾವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಪೀಠದ ಮೇಲೆ ಗ್ರಂಥಲಿಪಿಯಲ್ಲಿ, ಸಂಸ್ಕೃತಶ್ಲೋಕಗಳಲ್ಲಿ ಬರೆದಿದೆ. ಕಲಿವರ್ಷಗಳಲ್ಲಿ ಹೇಳಿದ ಅದರ ಕಾಲವು ಕ್ರಿಸ್ತಶಕ ೯೬೮ಕ್ಕೆ ಸಲ್ಲುವುದೆಂದು ವಿದ್ವಾಂಸರು ಎಣಿಸಿರುವರು. ‘ವಿಹಾರ’ವೆಂಬ ಪದವನ್ನು ಹಿಡಿದು ಬೌದ್ಧಸಂಬಂಧವನ್ನು ವಿಚಾರಿಸಿದವರುಂಟು, ಕದ್ರಿಯ ನಾಥಪಂಥದ ಮಠವನ್ನೂ ಮತ್ಸ್ಯೇಂದ್ರನಾಥನ ಸಂಪ್ರದಾಯವನ್ನೂ ಹಿಡಿದು ವಿಚಾರಿಸಿದವರುಂಟು. ಬಿ. ಎ. ಸಾಲೆತ್ತೂರರ ಕಾಲದಿಂದ ಪಾದೂರು ಗುರುರಾಜ ಭಟ್ಟರು, ಕೆ. ವಿ. ರಮೇಶರ ವರೆಗೆ ತುಳುನಾಡಿನ ಇತಿಹಾಸವನ್ನು ಬರೆದವರೆಲ್ಲರೂ ಈ ಕೆಲವು ಪಂಕ್ತಿಗಳ ಬಳಿಗೆ ಬರಲೇಬೇಕಾಯಿತು. ಆದರೂ ಪ್ರವಾಸಿಗಳ ಚಿತ್ರಗಳಲ್ಲಿ ಮುಖವೇ ಮುಖ್ಯ, ಪೀಠವು ಅಂಚಿನಲ್ಲಿ ಕತ್ತರಿಸಿಹೋಗಿರುವುದು. ಕಟ್ಟಡವಾಗಲಿ ಮೂರ್ತಿಯಾಗಲಿ ತಾನೇ ಮಾತನಾಡುವ ಸ್ಥಳವು ಎಷ್ಟೋ ವೇಳೆ ಸುಂದರವಾಗಿರುವುದಿಲ್ಲ. ಅಲ್ಲಿ ಬಗ್ಗಿ ನೋಡುವವನು ಮಾತ್ರ ಕಥೆಯನ್ನು ಹೇಳಲು ಅಧಿಕಾರಿ.

೪

ಇಷ್ಟರಿಂದ ಐತಿಹ್ಯವನ್ನು ತಳ್ಳಿಬಿಡಬೇಕೆಂದು ಅಭಿಪ್ರಾಯವಲ್ಲ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಭಾಷೆಯಲ್ಲಿ ಮೈಕಾಲ ಎಂದು ಹೆಸರು. ಹೆಸರುಗಳು ಎಷ್ಟೋ ಜನರ ನೆನಪುಗಳೂ ಅಷ್ಟೇ. ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಒಂದು ಐತಿಹ್ಯವು ಮಾಲಿಕ್ ದೀನಾರರ ಕಾಲಕ್ಕೆ, ಎಂದರೆ ಏಳನೆಯ ಶತಮಾನಕ್ಕೆ ಒಯ್ಯುವುದು. ಮತ್ತೊಂದು, ಟಿಪ್ಪುವು ಅದನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ ಆತನ ಮಗಳ ಹೆಸರೇ ಅದಕ್ಕೆ ಬಂದಿತೆಂದೂ ಹೇಳುವುದು. ಮೊದಲನೆಯದನ್ನು ಕಟ್ಟಡದ ಕಾಲನಿರ್ಣಯಕ್ಕೆ ಆಧಾರವಾಗಿ ಹಿಡಿದರೆ ತಪ್ಪಾದೀತು. ಆದರೆ ಈ ರೇವಿಗೂ ಅರಬರ ನಾಡಿಗೂ ಬಹುಕಾಲದ ಸಂಬಂಧವಿದ್ದಿತೆಂಬ ಅಂಶಕ್ಕೆ ಅದು ಸೂಚಕವೇ ಸರಿ. ೧೪ನೆಯ ಶತಮಾನದ ಯಾತ್ರಿಕನಾದ ಇಬ್ನ್ ಬತೂತನು ಈ ಊರನ್ನು ಮಂಜರೂರೆಂದು ಕರೆದು, ಪಾರಸೀಕದಿಂದಲೂ ಯೆಮನ್ ನಾಡಿನಿಂದಲೂ ವರ್ತಕರು ಇಲ್ಲಿಗೆ ಬರುತ್ತಿದ್ದರೆಂದು ಹೇಳಿರುವನು. ಹೀಗೆ ಐತಿಹ್ಯವು ಕಾಲದಲ್ಲಿ ತಪ್ಪಿದರೂ ಸಂಬಂಧದಲ್ಲಿ ತಪ್ಪದೆ ಇರಬಹುದು. ಅದನ್ನು ಐತಿಹ್ಯವೆಂಬ ಹೆಸರಿನಿಂದಲೇ ಬರೆದುಕೊಂಡರೆ ದೋಷವಿಲ್ಲ. ಇತಿಹಾಸವೆಂಬ ಹೆಸರಿನಿಂದ ಬರೆದಾಗಲೇ ದೋಷ.

ಇಂತಹ ನಿಷ್ಕರ್ಷೆಯಿಂದ ಬರೆಹದ ರಸವು ಬತ್ತುವುದೆಂದು ಕೆಲವರು ಆಕ್ಷೇಪಿಸಬಹುದು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಸ್ಥಳವರ್ಣನೆಗೆ ಸತ್ಯವೇ ಔಚಿತ್ಯ. ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರನು ೧೮೯೯ರಿಂದ ಕೆಲವೇ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದನು. ೧೯೦೫ರಲ್ಲಿ ಭಾರತದಲ್ಲಿಯೇ ತೀರಿಕೊಂಡನು. ಗೋಡೆಗಳಲ್ಲಿ ಹಸಿಗಾರೆಯ ಮೇಲೆ ಬರೆದ ಚಿತ್ರಗಳೂ, ಮೇಲ್ಗಡೆ ಬಟ್ಟೆಯ ಮೇಲೆ ತೈಲವರ್ಣದಿಂದ ಬರೆದ ಚಿತ್ರಗಳೂ ಇವೆ. ಕಡಲತೀರದ ತೇವದಿಂದ ಅವು ಕುಂದಿದಾಗ ೧೯೯೦ರ ದಶಕದ ಆರಂಭದಲ್ಲಿ ಸಂರಕ್ಷಣಕಾರ್ಯವು ನಡೆಯಿತು. ಗಾರೆಯು ಒಣಗುವುದಕ್ಕೆ ಮೊದಲು ಬಣ್ಣವನ್ನು ಹಚ್ಚಿ ಮುಗಿಸಬೇಕೆಂಬ ಒಂದು ನಿಯಮವನ್ನು ತಿಳಿಸಿದರೆ ಸಾಕು, ಮಳೆಗಾಲದ ಮಂಗಳೂರಿನಲ್ಲಿ ಆ ಮನುಷ್ಯನು ಪಟ್ಟಿರಬಹುದಾದ ಶ್ರಮವು ವಾಚಕನ ಕಣ್ಣಮುಂದೆ ನಿಲ್ಲುವುದು. ಇದಕ್ಕಿಂತ ಅದ್ಭುತವಾದ ಕಥೆಯನ್ನು ಕಲ್ಪಿಸುವ ಆವಶ್ಯಕತೆಯೇ ಇಲ್ಲ.

೫

ಛಾಯಾಚಿತ್ರವನ್ನು ಕುರಿತು ಇಷ್ಟು ಎಚ್ಚರಿಕೆಯು ಏಕೆ ಬೇಕೆಂದರೆ, ಕಾಲಾಂತರದಲ್ಲಿ ಅದೇ ಮೂಲಪ್ರತಿಯಾಗಿ ಉಳಿಯಬಹುದು. ೧೮೫೬ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬುವನು ಮೇಣದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿದ್ದುದು ಆ ಚಿತ್ರದಲ್ಲಿ ಕಾಣುವುದು. ಈಗ ಆ ಶಿಖರವಿಲ್ಲ. ರಥವನ್ನು ಈಗಿನ ರೂಪದಲ್ಲಿ ಮಾತ್ರ ಬಲ್ಲವನಿಗೆ, ಅದು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ತೋರುವುದು ಸಹಜ; ಒಂದು ಕಾಗದವು ಆ ಭ್ರಮೆಯನ್ನು ನಿವಾರಿಸಿತು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದನು. ಎರಡು ಪ್ರತಿಗಳನ್ನು ಎದುರುಬದುರಾಗಿ ಇಟ್ಟು ಪಾಠಭೇದಗಳನ್ನು ಗುರುತಿಸುವ ಸಂಪಾದಕನ ಕೆಲಸವೇ ಇದು.

ಕನ್ನಡದ ವಿದ್ವಾಂಸರಿಗೆ ಈ ಮಾರ್ಗವು ಅಪರಿಚಿತವಲ್ಲ. ‘ಕರ್ನಾಟಕ ಕವಿಚರಿತೆ’ಯನ್ನು ರಚಿಸಿದ ಆರ್. ನರಸಿಂಹಾಚಾರ್ಯರೇ ೧೯೦೬ರಿಂದ ೧೯೨೨ರ ವರೆಗೆ ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು. ಓಲೆಗ್ರಂಥ, ಶಿಲಾಶಾಸನ, ದೇವಾಲಯ, ಛಾಯಾಚಿತ್ರ ಇವೆಲ್ಲವೂ ಒಂದೇ ವಿದ್ವತ್ತಿನ ಅಧೀನದಲ್ಲಿದ್ದ ಕಾಲವದು. ಅವರ ಬಳಿಕ ಈ ವಿದ್ಯೆಗಳು ಬೇರೆ ಬೇರೆ ಕೈಗಳಿಗೆ ಹೋದುವು. ವಿದ್ವಾಂಸರ ಗ್ರಂಥಗಳಲ್ಲಿಯೇ ತೆಗೆದ ದಿನವಿಲ್ಲದ, ದಿಕ್ಕಿಲ್ಲದ ಚಿತ್ರಗಳು ಅಚ್ಚಾಗುತ್ತಿರುವಾಗ, ಪ್ರವಾಸಿಯನ್ನು ಮಾತ್ರ ದೂರುವುದು ನ್ಯಾಯವಲ್ಲ.

೬

ಈಗ ಮತ್ತೆ ಪಡೀಲಿಗೆ ಬರಬಹುದು. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕನ್ನಡಜಿಲ್ಲೆಯು ಕಂಪೆನಿಯ ವಶವಾಗಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಮದರಾಸು ಆಧಿಪತ್ಯದಲ್ಲಿಯೂ, ೧೯೫೬ರಲ್ಲಿ ಕನ್ನಡನಾಡು ಒಂದುಗೂಡಿದ ಬಳಿಕವೂ ಮಂಗಳೂರೇ ಜಿಲ್ಲೆಯ ಮುಖ್ಯಪಟ್ಟಣ. ಜಿಲ್ಲಾಧಿಕಾರಿಯ ಕಚೇರಿಯು ಬಹುಕಾಲ ಹಳೆಯ ಪೇಟೆಯ ಬಳಿಯಲ್ಲಿಯೇ ಇದ್ದಿತು. ೨೦೨೫ರ ಮೇ ತಿಂಗಳಲ್ಲಿ ಪಡೀಲಿನಲ್ಲಿ ‘ಪ್ರಜಾಸೌಧ’ವೆಂಬ ಹೊಸ ಜಿಲ್ಲಾಕಚೇರಿಯು ಉದ್ಘಾಟಿತವಾಯಿತು. ಹೊಲದ ಪಹಣಿಗಾಗಿ, ಪರವಾನಗಿಗಾಗಿ, ಅಹವಾಲಿಗಾಗಿ ಜನರು ತಲೆಮಾರುಗಳಿಂದ ನಡೆದ ದಾರಿಯು ದಿಕ್ಕನ್ನು ಬದಲಿಸಿತು. ಕಚೇರಿಯು ಬಿಟ್ಟುಬಂದ ಕಟ್ಟಡವು ಬಳಕೆಯಿಂದ ನೆನಪಿಗೆ ಸರಿಯುವುದು ಇಂತಹ ಘಳಿಗೆಯಲ್ಲಿಯೇ. ಅಲ್ಲಿ ಯಾರು ಎಲ್ಲಿ ಕುಳಿತಿದ್ದರು, ದಸ್ತಾವೇಜುಗಳು ಯಾವ ಕೋಣೆಯಲ್ಲಿದ್ದುವು, ಅರ್ಜಿದಾರರು ಯಾವ ಜಗುಲಿಯಲ್ಲಿ ಕಾಯುತ್ತಿದ್ದರು ಎಂಬುದನ್ನು ಕಂಡವರು ಇನ್ನೂ ಬದುಕಿರುವರು. ಈಗ ಅವರ ಮಾತು ಐತಿಹ್ಯವಲ್ಲ, ಆಪ್ತವಾಕ್ಯ. ಐವತ್ತು ವರ್ಷಗಳ ಮೇಲೆ ಅದೇ ಮಾತು ಹೇಳಿದವರ ಹೆಸರಿಲ್ಲದೆ ಉಳಿದರೆ ಐತಿಹ್ಯವಾಗುವುದು. ಆಪ್ತವಾಕ್ಯವು ಐತಿಹ್ಯವಾಗುವುದಕ್ಕೆ ಮೊದಲೇ ಬರೆದಿಡುವುದು, ಹಳೆಯ ಕಟ್ಟಡವನ್ನು ಅರಸುವುದಕ್ಕಿಂತ ಕಡಮೆಯಾದ ಕೆಲಸವಲ್ಲ.

ಪ್ರವಾಸಿಯು ಪಡೀಲಿನಲ್ಲಿ ಯಂತ್ರವನ್ನು ತೆಗೆಯದಿರುವುದರ ಕಾರಣವೂ ಇಲ್ಲಿಯೇ ತಿಳಿಯುವುದು. ಕಥೆಯು ಸಿದ್ಧವಾಗಿ ದೊರೆಯುವ ಕಡೆಗೆ ಮಾತ್ರ ಅವನು ಹೋಗುವನು. ಪಡೀಲಿನಲ್ಲಿ ಯಾರೂ ಅವನಿಗೆ ಕಥೆಯನ್ನು ಸಿದ್ಧಮಾಡಿ ಇಟ್ಟಿಲ್ಲ. ಕರಾವಳಿಯಲ್ಲಿ ಬೇಸಾಯವಿಲ್ಲದೆ ಬಿಟ್ಟ ಗದ್ದೆಗೆ ಹಡಿಲು ಎನ್ನುವರು. ತುಳುವಿನಲ್ಲಿ ಆ ಶಬ್ದವು ಪಕಾರಾದಿಯಾಗಿದ್ದು ಈ ಊರಿನ ಹೆಸರಿಗೆ ಬಹಳ ಸಮೀಪವಾಗಿರುವುದು. ಧ್ವನಿಸಾದೃಶ್ಯವೊಂದೇ ನಿರುಕ್ತಿಗೆ ಸಾಲದು. ಇಲ್ಲಿಯೂ ಹಳೆಯ ಕಡತದ, ಭೂದಾಖಲೆಯ ಸಾಕ್ಷ್ಯವನ್ನು ಹುಡುಕಿಯೇ ನಿಶ್ಚಯಿಸಬೇಕು. ಹೆಸರು ಹೇಗೇ ಬಂದಿರಲಿ, ಸ್ಥಳವರ್ಣನೆಯ ಮಟ್ಟಿಗೆ ಪಡೀಲು ಹಡಿಲಾಗಿಯೇ ಉಳಿದಿದೆ. ರೈಲುಹಳಿಗಳ ಬದಿಯ ಹಂಚಿನ ಮನೆಗಳು, ಹೆದ್ದಾರಿಯ ಅಂಗಡಿಗಳು, ಹೊಸ ಕಚೇರಿ ಇವುಗಳಿಗೂ ಒಂದು ದಿನ ಚರಿತ್ರೆ ಬೇಕಾಗುವುದು; ಆಗ ಚಿತ್ರಗಳು ಇರಲಾರವು.

ಸಾಹಿತ್ಯಬೋಧಕರು ತಮ್ಮ ವಿದ್ಯಾರ್ಥಿಗಳಿಂದ ಊರಿನ ವರ್ಣನೆಯನ್ನು ಬರೆಯಿಸುವಾಗ ಇಷ್ಟನ್ನು ವಿಧಿಯಾಗಿ ಹೇಳಿದರೆ ಸಾಕು. ಚಿತ್ರದ ಕೆಳಗೆ ತೆಗೆದ ದಿನ, ಸ್ಥಳ, ದಿಕ್ಕುಗಳನ್ನು ಬರೆಯತಕ್ಕದ್ದು. ಸಂಸ್ಥೆಯ ವಯಸ್ಸನ್ನೂ ಕಟ್ಟಡದ ವಯಸ್ಸನ್ನೂ ಬೇರೆಯಾಗಿ ಹೇಳತಕ್ಕದ್ದು. ಕಟ್ಟಡದ ಮೇಲಿನ ಅಕ್ಷರವು ಯಾವುದನ್ನು ಕುರಿತದ್ದೆಂದು ನಿಶ್ಚಯಿಸುವ ವರೆಗೆ ಅದನ್ನು ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲ. ಕೇಳಿದ ಕಥೆಯನ್ನು ಕೇಳಿದ ಕಥೆಯೆಂದೇ, ಹೇಳಿದವರು ಒಪ್ಪಿದರೆ ಅವರ ಹೆಸರಿನೊಡನೆ, ಬರೆಯತಕ್ಕದ್ದು. ಈ ನಾಲ್ಕನ್ನು ಪಾಲಿಸಿದ ಹುಡುಗನ ಒಂದು ಪುಟವು, ಇವನ್ನು ಪಾಲಿಸದ ಸಚಿತ್ರಗ್ರಂಥಕ್ಕಿಂತ ಮುಂದಿನವರಿಗೆ ಹೆಚ್ಚು ಉಪಯುಕ್ತವಾಗುವುದರಲ್ಲಿ ಸಂದೇಹವಿಲ್ಲ. ಆ ಕೆಲಸವನ್ನು ಕದ್ರಿಯಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ರೈಲಿನಿಂದ ಇಳಿದ ಕೂಡಲೇ, ಪಡೀಲಿನಲ್ಲಿಯೇ ಆರಂಭಿಸಬಹುದು.